ಮೂರನೇ ಬಾಗಿಲ ಅಂಚು

ದೂರದರ್ಶಕಕ್ಕೆ ಕೌದಿ ಹೊಲಿದವಳು ನಾನು.
ನಗಬೇಡ, ಲಮಾಂಟ್. ಮೇರಿಲ್ಯಾಂಡಿನ ಆ ಬಿಳಿ ಕೋಣೆಯಲ್ಲಿ
ನೆತ್ತಿಯಿಂದ ಹಿಮ್ಮಡಿಯವರೆಗೆ ಮುಸುಕು ಹಾಕಿ,
ಎರಡು ಪದರ ಕೈಗವಸಿನೊಳಗೆ ಬೆರಳು ಬೆವೆತು
ಹನ್ನೊಂದು ವರ್ಷ ಹೊಲಿದೆ. ಅದಕ್ಕೂ ಮುಂಚೆ
ಬಾಲ್ಟಿಮೋರಿನ ನಾರ್ತ್ ಅವೆನ್ಯೂದಲ್ಲಿ ಮದುವೆಯ ಉಡುಪು.
ಎರಡಕ್ಕೂ ಕಲೆ ಆಗಬಾರದು.

ಈರುಳ್ಳಿ ಸಿಪ್ಪೆಯಂಥ ಬೆಳ್ಳಿ ಹಾಳೆ, ನಡುವೆ ಬಲೆ,
ಮತ್ತೆ ಹಾಳೆ, ಮತ್ತೆ ಬಲೆ, ಹದಿನೇಳು ಪದರ.
ಅಲ್ಲಲ್ಲಿ ಸೂಜಿಮೊನೆಯ ತೂತು:
ಮೇಲೇರುವಾಗ ಒಳಗಿನ ಗಾಳಿ ಹೊರಬೀಳದಿದ್ದರೆ
ಊದಿದ ಕಾಗದದ ಚೀಲದಂತೆ ಪಟ್ಟೆಂದು ಒಡೆದೀತು.

ಚಳಿಗೆ ಕೌದಿ ಸರಿ, ಬಿಸಿಲಿಗೇಕೆ ಎಂದೆಯಲ್ಲ,
ಅಲ್ಲಿ ಒಂದೂವರೆ ಗಂಟೆಗೆ ಒಂದು ಹಗಲು, ಒಂದು ರಾತ್ರಿ.
ಸುಟ್ಟು, ಮರಗಟ್ಟಿ, ಮತ್ತೆ ಸುಟ್ಟು, ಮತ್ತೆ ಮರಗಟ್ಟಿ.
ಕನ್ನಡಿ, ಕೂದಲೆಳೆಯ ಸಾವಿರದಲ್ಲೊಂದು ಪಾಲು ಸೊಟ್ಟಗಾದರೂ
ನಕ್ಷತ್ರ ಕಲಸಿಹೋಗುತ್ತದೆ.

ಅದು ಹಾರುವುದಿಲ್ಲ, ಬೀಳುತ್ತದೆ.
ಬೀಳುತ್ತಲೇ ಇರುತ್ತದೆ; ಭೂಮಿ ಬಾಗಿ ತಪ್ಪಿಸಿಕೊಳ್ಳುತ್ತದೆ,
ಬಿದ್ದೂ ಬಿದ್ದೂ ತಾಗದೆ ಸುತ್ತುತ್ತದೆ.
(ನಿನ್ನ ಅಜ್ಜನೂ ಹಾಗೇ ಇದ್ದ. ಇರಲಿ.)

ಅಷ್ಟೆತ್ತರ ಯಾಕೆ? ಹತ್ತಿರವಾಗಲೆಂದಲ್ಲ.
ಎಲ್ಲರೂ ಹಾಗೇ ತಿಳಿದಿದ್ದಾರೆ. ಐನೂರು ಕಿಲೋಮೀಟರು
ನಕ್ಷತ್ರಕ್ಕೆ ಯಾವ ಲೆಕ್ಕ?
ಕೊಲ್ಲಿಯ ನೀರಿನಡಿ ನೀನು ಬೀಳಿಸಿದ ನಾಣ್ಯ
ನಡುಗಿದ ಹಾಗೆ ಕಂಡಿತಲ್ಲ? ನಾಣ್ಯ ನಡುಗಲಿಲ್ಲ.
ನಕ್ಷತ್ರವೂ ಮಿನುಗುವುದಿಲ್ಲ ಮಗು,
ಮಿನುಗುವುದು ನಾವು ಉಸಿರಾಡುವ ಗಾಳಿ.

ಕಾಲೂರಲು ಅಲ್ಲಿ ನೆಲವಿಲ್ಲ. ಒಳಗೆ ನಾಲ್ಕು ಚಕ್ರ.
ಚಕ್ರ ಈ ಕಡೆ ಸುತ್ತಿದರೆ ಒಡಲು ಆ ಕಡೆ,
ಗಡಿಯಾರದ ನಿಮಿಷದ ಮುಳ್ಳಿನಷ್ಟು ನಿಧಾನ.
ಆಮೇಲೆ ಗುರುತಿನ ಒಂದು ನಕ್ಷತ್ರದ ಮೇಲೆ ಕಣ್ಣು ನೆಟ್ಟು
ಅಲುಗದೆ ನಿಲ್ಲುತ್ತದೆ,
ದಾರ ಪೋಣಿಸುವಾಗ ನಾನು ಉಸಿರು ಹಿಡಿದ ಹಾಗೆ.

ನೋಡುತ್ತದೆ ಅನ್ನುತ್ತಾರೆ. ಕೂಡಿಡುತ್ತದೆ ಅನ್ನಬೇಕು.
ಏನೂ ಇಲ್ಲದ ಒಂದು ಕಪ್ಪು ಚೂರಿನ ಕೆಳಗೆ
ಹತ್ತು ದಿನ ಹಿಡಿದ ಬಟ್ಟಲು.
ಕೆಲವೊಮ್ಮೆ ನಿಮಿಷಕ್ಕೆ ಒಂದೇ ಹನಿ ಬೆಳಕು.
ಹನಿ ಎಣಿಸಿ, ಅಂಕಿ ಮಾಡಿ, ಕೆಳಗೆ ಕಳಿಸುತ್ತದೆ.
ಬಣ್ಣ ಆಮೇಲಿನದು: ಬೇರೆಬೇರೆ ಗಾಜಿನಲ್ಲಿ ಸೋಸಿದ್ದನ್ನು
ಒಂದರ ಮೇಲೊಂದು ಹಾಸಿ ನಮ್ಮವರು ಜೋಡಿಸಿದ್ದು.
ಆ ಕಪ್ಪಿನಲ್ಲಿ ಸಾವಿರಾರು ಗ್ಯಾಲಕ್ಸಿಗಳು ಸಿಕ್ಕವು.
ಕೆಲವು ಬೆಳಕು ಹೊರಟಾಗ ಭೂಮಿಯೇ ಇರಲಿಲ್ಲ.

ಅದರಿಂದ ನಮಗೇನು? ನಿನ್ನಮ್ಮ ಕೇಳುತ್ತಾಳೆ.
ಬಾಡಿಗೆ ಏರಿದ ತಿಂಗಳು ನಾನೂ ಕೇಳಿದ್ದೇನೆ.
ಸರಿಯಾದ ಉತ್ತರ ನನ್ನಲ್ಲಿಲ್ಲ. ಇಷ್ಟು ಗೊತ್ತು:
ಖಾಲಿ ಎಂದು ಬಿಟ್ಟ ಕಡೆ ಯಾರೋ ಹತ್ತು ದಿನ ಕಾದರು.
ಖಾಲಿ ಎಂದು ಹಲಗೆ ಜಡಿದ ನಮ್ಮ ಬೀದಿಯ ಮನೆಗಳನ್ನು
ಯಾರೂ ಹಾಗೆ ನೋಡಿದ್ದು ನಾ ಕಾಣೆ.

ಹೋದ ಶನಿವಾರ ಹಳಬರನ್ನೆಲ್ಲ ಕರೆದಿದ್ದರು.
ಗೋಡೆಯಷ್ಟು ದೊಡ್ಡ ಚಿತ್ರ.
ನನ್ನ ಕಣ್ಣ ನಡುವೆ ಈಗ ಕಪ್ಪು ಕಲೆ, ನಿನಗೆ ಗೊತ್ತು;
ನಿನ್ನ ಮುಖ ಕಾಣಬೇಕೆಂದರೆ ನಿನ್ನ ಕಿವಿ ನೋಡಬೇಕು.
ಕತ್ತು ವಾರೆ ಮಾಡಿ ನಿಂತೆ. ಸೊಲ್ವೇಗ್ ಎಂಬ ವಿಜ್ಞಾನಿ ಹುಡುಗಿ,
"ಮಂಕು ನಕ್ಷತ್ರವನ್ನು ನಾವೂ ಹೀಗೇ ನೋಡುವುದು, ಮಿಸ್ ವರ್ಲೀನ್,
ಪಕ್ಕಕ್ಕೆ ನೋಡಿ" ಅಂದಳು.
ಒಳ್ಳೆಯ ಮಾತೇ. ನಾನು ಕೇಳಿದ್ದು ಬೇರೆ:
ಮೂರನೇ ಬಾಗಿಲ ಅಂಚು ಹೇಗಿದೆ?

ದುರಸ್ತಿಗೆ ಹೋದವರು ತೆಗೆದ ಫೋಟೋ ತಂದಳು.
ಬಿಸಿಲಿಗೆ ಸಿಡಿದು, ಸುರುಳಿ ಎದ್ದಿದೆ, ಒಂದು ಗೇಣು.
ಉಳಿದದ್ದೆಲ್ಲ ನಿಂತಿದೆ.

ಅಲ್ಲಿ ಎರಡೆಳೆ ದಾರ ಹಾಕಬೇಕಿತ್ತು, ಲಮಾಂಟ್.
ಅವತ್ತು ಶುಕ್ರವಾರ.
ಬಸ್ಸು ತಪ್ಪೀತೆಂದು ಅವಸರ ಮಾಡಿದೆ.